ಕೃಷ್ಣೆಯ ಜಲಚರಗಳು ಮತ್ತು ಉಲಮಾಗಳ ಮೌನ

ಮದ್ರಸಗಳ ದಸ್ತಾರ್‌ಬಂದಿ ಸಮಾರಂಭಗಳಲ್ಲಿ, ಓದು ಮುಗಿಸಿದ ಯುವಕರ ತಲೆಗೆ ಪೇಟ ಸುತ್ತುವ ಹೊತ್ತಿಗೆ, ವೇದಿಕೆಯಿಂದ ತಪ್ಪದೆ ಕೇಳಿಬರುವ ಒಂದು ಹದೀಸ್ ಇದೆ. ಹಝ್ರತ್ ಅಬುದ್ದರ್ದಾ(ರ) ಅವರಿಂದ ವರದಿಯಾಗಿ ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಸೇರಿರುವ ಆ ವಚನದ ಪ್ರಕಾರ, ಆಲಿಮನ ಪಾಪಕ್ಷಮೆಗಾಗಿ ಪ್ರಾರ್ಥಿಸುವವರ ಸಾಲಿನಲ್ಲಿ ನೀರೊಳಗಿನ ಮೀನುಗಳೂ ಇವೆ. ಸಭಿಕರು ‘ಸುಬ್‌ಹಾನಲ್ಲಾಹ್’ ಎನ್ನುತ್ತಾರೆ. ಮೀನು ಏಕೆ ಪ್ರಾರ್ಥಿಸಬೇಕು ಎಂಬುದನ್ನು ಮಾತ್ರ ಯಾರೂ ವಿವರಿಸುವುದಿಲ್ಲ. ಇಮಾಮ್ ಖತ್ತಾಬೀಯವರಂತಹ ವ್ಯಾಖ್ಯಾನಕಾರರು ಅದನ್ನೂ ವಿವರಿಸಿದ್ದಾರೆ. ಯಾವ ಜೀವಿ ಹಲಾಲ್, ಯಾವುದು ಹರಾಮ್, ಅದನ್ನು ಹೇಗೆ ನಡೆಸಿಕೊಳ್ಳಬೇಕು, ಅದಕ್ಕೆ ವ್ಯರ್ಥ ಹಿಂಸೆಯಾಗದಂತೆ ಹೇಗೆ ತಡೆಯಬೇಕು ಎಂಬುದನ್ನು ಜನರಿಗೆ ಕಲಿಸುವವರು ಆಲಿಮರು. ಆ ಉಪಕಾರಕ್ಕೆ ಪ್ರತಿಯಾಗಿ ಅಲ್ಲಾಹನು ಮೂಕಜೀವಿಗಳಿಗೆ ಈ ಪ್ರಾರ್ಥನೆಯನ್ನು ಪ್ರೇರಿಸಿದನು. ಅಂದರೆ ಇದು ಪೇಟದೊಂದಿಗೆ ಪುಕ್ಕಟೆಯಾಗಿ ದೊರೆಯುವ ಪ್ರಾರ್ಥನೆಯಲ್ಲ. ಮಾಡಿದ ಕೆಲಸಕ್ಕೆ ಸಲ್ಲುವ ಪ್ರತಿಫಲ.

ಆ ಕೆಲಸ ಆಗಿದೆಯೇ ಎಂದು ಕೇಳಲು ಆಲಮಟ್ಟಿಗಿಂತ ಉಚಿತವಾದ ಸ್ಥಳ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯವರು ಕೃಷ್ಣೆಯ ನೀರು ಕುಡಿದು ಬೆಳೆದವರು. ಇಂಡಿ, ಸಿಂದಗಿ ಕಡೆಯವರಿಗೆ ಭೀಮೆಯೇ ಹೊಳೆ. ಎರಡೂ ಹೊಳೆಗಳ ದಂಡೆಯಲ್ಲಿ ನಮ್ಮ ಮಸೀದಿಗಳಿವೆ, ದರ್ಗಾಗಳಿವೆ, ಖಬರಸ್ತಾನಗಳಿವೆ. ಎರಡೂ ಹೊಳೆಗಳಲ್ಲಿ ಜೀವಿಗಳ ಬಗೆಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ. ಈ ವಿಷಯದಲ್ಲಿ ನಮ್ಮ ಉಲಮಾಗಳ ಮೌನವು ದೀನೀ ಕರ್ತವ್ಯದ ಲೋಪವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಮೌನವೆಂದೆವು. ಆದರೆ ಅವರು ಮೀನಿನ ಬಗ್ಗೆ ಮಾತನಾಡುವುದೇ ಇಲ್ಲವೆಂದಲ್ಲ. ಹೊಳೆಯಲ್ಲಿ ಮೀನುಗಳು ಸತ್ತು ಬೆಳ್ಳಗೆ ತೇಲಿದಾಗ ಒಂದು ಪ್ರಶ್ನೆ ಮಸೀದಿಯ ಬಾಗಿಲಿಗೆ ಬರುತ್ತದೆ: ತೇಲುವ ಮೀನು ತಿನ್ನಬಹುದೇ? ಉತ್ತರ ಸಿದ್ಧವಾಗಿದೆ. ತಾನಾಗಿಯೇ ಸತ್ತು ಹೊಟ್ಟೆ ಮೇಲಾಗಿ ತೇಲುವ ಮೀನು, ಅರ್ಥಾತ್ ‘ತಾಫೀ’, ಹನಫೀ ಮಝ್‌ಹಬ್‌ನಲ್ಲಿ ನಿಷಿದ್ಧ. ಶಾಫಿಈ ಮಝ್‌ಹಬ್‌ನಲ್ಲಿ ಅನುಮತಿಯಿದೆ. ಹೊರಗಿನ ಕಾರಣವೊಂದರಿಂದ ಸತ್ತದ್ದು ಖಚಿತವಾದರೆ ಹನಫೀಗಳಲ್ಲೂ ವಿನಾಯಿತಿಯಿದೆ. ಇಷ್ಟು ಸೂಕ್ಷ್ಮವಾಗಿ ವಿಚಾರ ಮಾಡಬಲ್ಲವರು, ಆ ‘ಹೊರಗಿನ ಕಾರಣ’ ಯಾವುದೆಂದು ಒಂದು ಹೆಜ್ಜೆ ಮುಂದೆ ಹೋಗಿ ಕೇಳುವುದಿಲ್ಲ. 2023ರಲ್ಲಿ ಸಾಂಗ್ಲಿಯ ಬಳಿ ಇದೇ ಕೃಷ್ಣೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಸಾಂಗ್ಲಿಯಿಂದ ಇಳಿದ ನೀರೇ ಬೆಳಗಾವಿ ಜಿಲ್ಲೆ ದಾಟಿ ಆಲಮಟ್ಟಿಗೆ ಬಂದು ನಿಲ್ಲುತ್ತದೆ. ಸತ್ತದ್ದನ್ನು ತಿನ್ನಬೇಕೇ ಬೇಡವೇ ಎಂಬುದು ಮಸ್‌ಅಲ. ಕೊಂದವರು ಯಾರು ಎಂಬುದು ಮಸ್‌ಅಲವಲ್ಲ! ಇದು ಎಂತಹ ಫಿಕ್‌ಹ್ ಎಂದು ನಮಗೆ ಅರ್ಥವಾಗಿಲ್ಲ.

ಇದರ ಬೇರು ನಮ್ಮ ಪಾಠಕ್ರಮದಲ್ಲಿಯೇ ಇದೆಯೆಂದು ತೋರುತ್ತದೆ. ಮದ್ರಸದ ಹುಡುಗನಿಗೆ ಮೀನು, ಕಪ್ಪೆ, ಏಡಿಗಳು ಮೊದಲ ಬಾರಿಗೆ ಭೇಟಿಯಾಗುವುದು ಖುದೂರೀ ಗ್ರಂಥದ ತಹಾರತ್ ಅಧ್ಯಾಯದಲ್ಲಿ, ಅದೂ ಹೆಣಗಳಾಗಿ. ನೀರಿನಲ್ಲೇ ಬದುಕುವ ಈ ಜೀವಿಗಳು ನೀರಿನಲ್ಲಿ ಸತ್ತರೆ ನೀರು ಅಶುದ್ಧವಾಗುವುದಿಲ್ಲ ಎಂಬುದು ಪಾಠ. ಸರಿಯಾದ ಪಾಠವೇ. ಆದರೆ ಬದುಕಿರುವ ಮೀನು, ಕಪ್ಪೆ, ಏಡಿಗಳು ನೀರಿಗೆ ಏನು ಮಾಡುತ್ತವೆ ಎಂಬ ಪಾಠ ಆತನಿಗೆ ಯಾವ ತರಗತಿಯಲ್ಲೂ ಸಿಗುವುದಿಲ್ಲ. ಹತ್ತು ಮೊಳ ಉದ್ದ, ಹತ್ತು ಮೊಳ ಅಗಲದ ಹೌಝ್‌ನ ನೀರನ್ನು ಹರಿಯುವ ನೀರಿನಂತೆ ಪರಿಗಣಿಸಬೇಕೆಂದು ಕಲಿತವನು ಆಲಮಟ್ಟಿಯ ಹಿನ್ನೀರನ್ನು ನೋಡಿ ನಿಶ್ಚಿಂತನಾಗುತ್ತಾನೆ. ಬಣ್ಣ, ರುಚಿ, ವಾಸನೆ ಕೆಡದಿದ್ದರೆ ವುಝೂಗೆ ಸಾಕು ಎನ್ನುತ್ತಾನೆ. ವುಝೂಗೆ ಸಾಕು, ಸತ್ಯ. ಶರೀಅತ್ ಅಲ್ಲಿ ಆರಾಧಕನಿಗೆ ಕಷ್ಟವಾಗದಿರಲೆಂದು ಕನಿಷ್ಠ ಮಿತಿಯನ್ನು ಹಾಕಿಕೊಟ್ಟಿತು. ಆ ಕನಿಷ್ಠವನ್ನೇ ಹೊಳೆಯ ಆರೋಗ್ಯದ ಪ್ರಮಾಣಪತ್ರವೆಂದು ತಿಳಿಯುವುದು ಶರೀಅತ್‌ಗೆ ಮಾಡುವ ಅನ್ಯಾಯ.

ಇನ್ನು ಕೆಲವರಿದ್ದಾರೆ. ನೆಲದಲ್ಲೂ ಜಲದಲ್ಲೂ ಮನುಷ್ಯರ ಕೈಗಳೇ ಗಳಿಸಿದ ಫಸಾದ್ ಪ್ರಕಟವಾಗಿದೆಯೆಂದು ಪವಿತ್ರ ಕುರ್‌ಆನಿನ ಸೂರಃ ಅರ್‍ರೂಮ್ (30:41) ತಿಳಿಸಿರುವುದನ್ನು ಅವರು ಬಲ್ಲರು. ಆದರೆ ಅಲ್ಲಿ ಬಂದಿರುವ ‘ಬಹ್ರ್’ ಎಂದರೆ ಸಮುದ್ರ, ವಿಜಯಪುರ ಜಿಲ್ಲೆಗೂ ಸಮುದ್ರಕ್ಕೂ ಏನು ಸಂಬಂಧ ಎನ್ನುತ್ತಾರೆ. ಭಾಷೆಯನ್ನಾದರೂ ಸರಿಯಾಗಿ ಓದಬೇಕು. ಸೂರಃ ಫುರ್ಕಾನ್ (25:53) ಮತ್ತು ಸೂರಃ ಫಾತಿರ್ (35:12) ಎರಡು ‘ಬಹ್ರ್’ಗಳ ಬಗ್ಗೆ ಹೇಳುವಾಗ ಒಂದನ್ನು ಸಿಹಿನೀರಿನದೆಂದೂ ಇನ್ನೊಂದನ್ನು ಉಪ್ಪುನೀರಿನದೆಂದೂ ಬಣ್ಣಿಸುತ್ತವೆ; ಎರಡರಿಂದಲೂ ನಿಮಗೆ ತಾಜಾ ಮಾಂಸ ದೊರೆಯುತ್ತದೆಂದು ಫಾತಿರ್ ಸೂರಃ ನೆನಪಿಸುತ್ತದೆ. ಸಿಹಿನೀರಿನ ಬಹ್ರ್ ಹೊಳೆಯಲ್ಲದೆ ಮತ್ತೇನು? ಅರ್‍ರೂಮ್‌ನ ವಚನದಲ್ಲಿನ ಬಹ್ರ್ ಎಂದರೆ ನದೀತೀರದ ಊರುಗಳು ಎಂದು ಇಕ್ರಿಮಾ(ರ) ಮುಂತಾದ ಪೂರ್ವಿಕ ವ್ಯಾಖ್ಯಾನಕಾರರು ಹೇಳಿದ್ದಾರೆ. ಆ ಪ್ರಕಾರ ಆಲಮಟ್ಟಿ, ನಿಡಗುಂದಿ, ಕೊಲ್ಹಾರಗಳೇ ಆ ವಚನದ ಸಂಬೋಧಿತ ಊರುಗಳು.

ಈ ಹೊಳೆಗಳಲ್ಲಿ ಏನಿತ್ತು ಎಂಬುದಕ್ಕೆ ದಾಖಲೆಗಳಿವೆ. ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿ ದಖ್ಖನಿನ ಮೀನುಗಳ ಕುರಿತು 1839ರಲ್ಲಿ ಪ್ರಕಟಿಸಿದ ವಿವರಣೆಯು ಹೆಚ್ಚಾಗಿ ಭೀಮೆ ಮತ್ತು ಅದರ ಉಪನದಿಗಳ ಮೀನುಗಳದ್ದು. ದಖ್ಖನಿನ ಮಹಶೀರ್ ಮೀನನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ಅದೇ ಬರಹ. ಹಣೆಯ ಮೇಲೆ ಕೊಂಬಿನಂತಹ ಉಬ್ಬುಳ್ಳ ‘ನುಕ್ತಾ’ ಎಂಬ ಮೀನೂ ಅದರಲ್ಲಿದೆ. ಹೆಸರು ಕೇಳಿದೊಡನೆ ನಮಗೆ ಅರಬಿ ಅಕ್ಷರದ ಮೇಲಿನ ಚುಕ್ಕೆ ನೆನಪಾಗುತ್ತದೆ. ಒಂದು ನುಕ್ತಾ ಅಳಿಸಿದರೆ ‘ಬೇ’ ಯಾವುದು, ‘ನೂನ್’ ಯಾವುದು ಎಂದು ಗೊತ್ತಾಗದೆ ಓದುವ ಹುಡುಗ ತಬ್ಬಿಬ್ಬಾಗುತ್ತಾನೆ. ಕೃಷ್ಣಾ ಕೊಳ್ಳದ ಆ ನುಕ್ತಾ ಇಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಮೀನು.

ಸೈಕ್ಸ್ ವಿವರಿಸಿದ ಇನ್ನೊಂದು ಜೀವಿ, ಹಾವಿನಾಕಾರದ ಒಂದು ಮೀನು. ಮುಂಬಯಿಯ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್ ಹೆಸರನ್ನು ಆತ ಅದಕ್ಕೆ ಇಟ್ಟಿದ್ದ. ಆ ಜಾತಿಯ ಮೀನು ಹುಟ್ಟುವುದು ಸಮುದ್ರದಲ್ಲಿ. ಮರಿಯಾಗಿ ನದೀಮುಖವನ್ನು ಸೇರಿ, ಪ್ರವಾಹಕ್ಕೆ ಎದುರಾಗಿ ಏರುತ್ತಾ ಬಂದು, ಸಿಹಿನೀರಿನಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಮತ್ತೆ ಸಮುದ್ರಕ್ಕೆ ಮರಳುತ್ತದೆ. ಅಂದರೆ ಆ ಕಾಲದಲ್ಲಿ ಬಂಗಾಳ ಕೊಲ್ಲಿಯಿಂದ ಹೊರಟ ಒಂದು ಜೀವಿ ಕೃಷ್ಣೆಯನ್ನು ಏರಿ, ರಾಯಚೂರು ಸೀಮೆಯಲ್ಲಿ ಭೀಮೆಗೆ ಹೊರಳಿ, ಸಿಂದಗಿ, ಇಂಡಿಗಳ ಅಂಚನ್ನು ಸವರಿ, ಪುಣೆಯ ಕಡೆಯ ಹಳ್ಳಗಳವರೆಗೆ ಹೋಗುತ್ತಿತ್ತು. ಈಗ ಆ ದಾರಿಯಲ್ಲಿ ಪ್ರಕಾಶಂ ಬ್ಯಾರೇಜು, ನಾಗಾರ್ಜುನ ಸಾಗರ, ಶ್ರೀಶೈಲಂ, ಜುರಾಲಾ. ಭೀಮೆಗೆ ಹೊರಳಿದರೆ ಸೊನ್ನ, ಅದರಾಚೆ ಉಜನಿ. ಕೃಷ್ಣೆಯಲ್ಲಿಯೇ ಮುಂದುವರಿದರೆ ನಾರಾಯಣಪುರದ ಬಸವಸಾಗರ, ಆಮೇಲೆ ನಮ್ಮ ಆಲಮಟ್ಟಿ, ಅದರ ಮೇಲೆ ಚಿಕ್ಕಪಡಸಲಗಿ, ಹಿಪ್ಪರಗಿ.

ಇಲ್ಲಿ ತಪ್ಪು ತಿಳಿಯಬಾರದು. ಅಣೆಕಟ್ಟು ಕಟ್ಟಿದ್ದೇ ಪಾಪವೆಂದು ನಾವು ಹೇಳುತ್ತಿಲ್ಲ. ಬರ ಎಂದರೇನೆಂದು ಬಲ್ಲ ಸೀಮೆ ನಮ್ಮದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಯೋಜನೆಯನ್ನು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸುವವರೆಗೆ ನಲವತ್ತು ವರ್ಷ ಈ ಜನ ಕಾದಿದ್ದಾರೆ. 519.60 ಮೀಟರ್ ಮಟ್ಟದವರೆಗೆ ನಿಲ್ಲುವ ಸುಮಾರು 123 ಟಿಎಂಸಿ ನೀರಿನಿಂದ ಹಸಿರಾದ ಹೊಲಗಳಲ್ಲಿ ನಮ್ಮವರ ಹೊಲಗಳೂ ಇವೆ. ಚಿಕ್ಕಪಡಸಲಗಿಯ ಬ್ಯಾರೇಜನ್ನು 1989ರಲ್ಲಿ ರೈತರೇ ಬೆವರು ಸುರಿಸಿ ಕಟ್ಟಿದ್ದನ್ನು ಗೌರವಿಸದವರು ಯಾರು? ನಮ್ಮ ಮಾತು ಬೇರೆ. ಮೀನಿನ ದಾರಿಗೆ ಅಡ್ಡಲಾಗಿ ಗೋಡೆಯೆಬ್ಬಿಸಿದ ಮೇಲೆ, ಆ ಮೀನಿನ ಜವಾಬ್ದಾರಿ ಗೋಡೆಯ ಲಾಭ ಪಡೆದವರ ಮೇಲೆ ಬೀಳುತ್ತದೆ. ಖಿಲಾಫತ್, ಅಮಾನತ್ ಎಂಬ ಪದಗಳಿಗೆ ಇದಲ್ಲದೆ ಬೇರೆ ಅರ್ಥವನ್ನು ನಾವು ಕಾಣೆವು.

‘ಎಲ್ಲಿ ಕಡಿಮೆಯಾಗಿದೆ? ಹಿನ್ನೀರಿನಲ್ಲಿ ಮೊದಲಿಗಿಂತ ಹೆಚ್ಚು ಮೀನು ಸಿಗುತ್ತಿದೆಯಲ್ಲ!’ ಎಂಬ ಆಕ್ಷೇಪವನ್ನು ನಾವು ಬಹಳ ಸಲ ಕೇಳಿದ್ದೇವೆ. ಚಳಿಗಾಲದಲ್ಲಿ ರಾಜಹಂಸಗಳು, ಪಟ್ಟೆತಲೆಯ ಹೆಬ್ಬಾತುಗಳು ಹಿನ್ನೀರಿಗೆ ಬಂದಿಳಿಯುವುದನ್ನೂ ಸಾಕ್ಷಿಯಾಗಿ ತೋರಿಸುತ್ತಾರೆ. ತೂಕವೂ ಬಗೆಯೂ ಒಂದೇ ಎಂದು ಭಾವಿಸಿದವರ ಮಾತಿದು. ಸಂತೆಯ ತಕ್ಕಡಿಗೆ ಏರುವ ಕಾಟ್ಲಾ, ರೋಹು, ಮೃಗಾಲ್‌ಗಳು ಗಂಗಾ ಕೊಳ್ಳದ ಮೀನುಗಳು. ಇಲ್ಲಿಗೆ ಬಿತ್ತನೆಮರಿಗಳಾಗಿ ತಂದು ಬಿಟ್ಟವು. ಜನರು ಜಿಲೇಬಿ ಮೀನು ಎನ್ನುವ ತಿಲಾಪಿಯಾ ಆಫ್ರಿಕದ್ದು, 1952ರಲ್ಲಿ ಭಾರತಕ್ಕೆ ಬಂತು. ಮೊಟ್ಟೆಯನ್ನು ಬಾಯಲ್ಲಿಟ್ಟು ಕಾಯುವ ಅದರ ಸಂತಾನ ಹೆಚ್ಚಲು ಹರಿವು ಬೇಡ, ಬಂಡೆ ಬೇಡ, ನಿಂತ ಕೆಸರುನೀರೂ ಸಾಕು. ಹರಿಯುವ ನೀರು, ಮರಳು, ಉರುಟುಗಲ್ಲಿನ ತಳ ಇವೆಲ್ಲ ಬೇಕಾದ ಊರಿನ ಮೀನು ಅದರೆದುರು ಹಿಂದೆ ಬೀಳುತ್ತದೆ. ತಕ್ಕಡಿ ತೂಗುವುದು ಕಿಲೋಗಳನ್ನು. ನೂರು ಬಗೆಯಿದ್ದ ಕಡೆ ಹತ್ತೇ ಉಳಿದರೂ ಅದರ ಮುಳ್ಳು ಅಲುಗುವುದಿಲ್ಲ.

ಪ್ರವಾದಿ ನೂಹ್(ಅ) ಅವರಿಗೆ ಅಲ್ಲಾಹನು ಕೊಟ್ಟ ಆದೇಶವನ್ನು ಇಲ್ಲಿ ನೆನೆಯಬೇಕು. ನಾವೆಗೆ ಹತ್ತಿಸಬೇಕಾಗಿದ್ದುದು ಪ್ರತಿಯೊಂದು ಬಗೆಯಿಂದ ಒಂದು ಜೋಡಿ. ಕುರಿಯೊಂದನ್ನೇ ಸಾವಿರ ಹತ್ತಿಸಿಕೊ, ಮಾಂಸಕ್ಕೆ ಸಾಲುತ್ತದೆ ಎಂಬ ಆದೇಶ ಬರಲಿಲ್ಲ. ಸೃಷ್ಟಿಕರ್ತನು ರಕ್ಷಿಸಬಯಸಿದ್ದು ಬಗೆಯನ್ನು. ಅಂದು ಮೀನಿಗೆ ನಾವೆಯ ಅಗತ್ಯವಿರಲಿಲ್ಲ. ಇಂದು ನೀರಿನೊಳಗೇ ಇರುವ ಮೀನಿಗೆ ನಾವೆ ಬೇಕಾಗಿದೆ.

ಒಳ್ಳೆಯ ಉದ್ದೇಶದಿಂದ ಬಿಟ್ಟ ಮೀನೂ ಹೊಳೆಯನ್ನು ಕೆಡಿಸಬಲ್ಲದು ಎಂಬುದಕ್ಕೆ ಕಾವೇರಿಯ ನಿದರ್ಶನ ನಮ್ಮ ಸೀಮೆಗೂ ಸಂಬಂಧಿಸಿದೆ. ಸೈಕ್ಸ್ ವಿವರಿಸಿದ ಅದೇ ದಖ್ಖನಿನ ಮಹಶೀರ್‌ನ ಮರಿಗಳನ್ನು ಲೋನಾವಳಾದ ಕೇಂದ್ರದಲ್ಲಿ ಬೆಳೆಸಿ, ಸಂರಕ್ಷಣೆಯ ಹೆಸರಿನಲ್ಲಿ ಬೇರೆ ನದಿಗಳಿಗೂ ಬಿಡಲಾಯಿತು. ಕಾವೇರಿಯಲ್ಲಿ ಅದಕ್ಕೇ ಸ್ವಂತವಾದ, ಬೆನ್ನಿನ ಮೇಲೆ ಗೂನಿರುವ ಇನ್ನೊಂದು ಮಹಶೀರ್ ಇತ್ತು. ಹೊರಗಿನಿಂದ ಬಂದದ್ದು ಹಬ್ಬಿತು. ಮನೆಯ ಮೀನು ಕುಗ್ಗಿತು. ಆ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು 2018ರಲ್ಲಿ ನಿರ್ಧಾರವಾಗುವ ಹೊತ್ತಿಗೆ ಅದು ಅಳಿವಿನ ಕೊನೆಯ ಅಂಚಿಗೆ ಬಂದಾಗಿತ್ತು. ಅಲ್ಲಾಹನು ಪ್ರತಿಯೊಂದು ನದಿಗೂ ಇಟ್ಟಿರುವ ಮೀಝಾನನ್ನು ತಿಳಿಯದೆ ಕೈಹಾಕುವುದರ ಪರಿಣಾಮವಿದು.

ಆಫ್ರಿಕನ್ ಕ್ಯಾಟ್‌ಫಿಶ್‌ನ ಕಥೆಯಲ್ಲಿ ಒಳ್ಳೆಯ ಉದ್ದೇಶದ ನೆಪವೂ ಇಲ್ಲ. ಸಿಕ್ಕಿದ್ದನ್ನೆಲ್ಲ ತಿನ್ನುವ ಈ ಮೀನನ್ನು ಸಾಕುವುದನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿತು. ಆದರೂ ಹೊಂಡಗಳಲ್ಲಿ ಕದ್ದು ಸಾಕುತ್ತಾರೆ, ಹೊಂಡ ತುಂಬಿ ಹರಿದಾಗ ಅದು ಹಳ್ಳಕ್ಕೂ ಹೊಳೆಗೂ ಸೇರುತ್ತದೆ. ಅದಕ್ಕೆ ಹಾಕುವ ಮೇವು ಯಾವುದು? ಮಾಂಸದಂಗಡಿಗಳ ತ್ಯಾಜ್ಯ. ಆ ಅಂಗಡಿಗಳಲ್ಲಿ ಬಹುಪಾಲು ಯಾರವು ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಹೊಲಸನ್ನು ತಿಂದು ಬೆಳೆದ ಪ್ರಾಣಿಗೆ ಫಿಕ್‌ಹ್‌ನಲ್ಲಿ ‘ಜಲ್ಲಾಲಃ’ ಎಂಬ ಹೆಸರಿದೆ. ಅದನ್ನು ಹಲವು ದಿನ ಕಟ್ಟಿಹಾಕಿ ಶುದ್ಧ ಆಹಾರ ಕೊಡದೆ ತಿನ್ನುವುದು ಅಪ್ರಿಯವೆಂಬ ವಿಧಿಯಿದೆ. ಕೋಳಿಯ ಬಗ್ಗೆ ಈ ಅಧ್ಯಾಯವನ್ನು ಓದಿಸುವವರು ಕ್ಯಾಟ್‌ಫಿಶ್ ಬಗ್ಗೆ ಓದಿಸುವುದಿಲ್ಲ. ಸಮುದಾಯದ ಜೇಬಿಗೆ ತಾಗುವ ಮಸ್‌ಅಲಗಳು ನಮ್ಮ ಬಯಾನ್‌ಗಳಲ್ಲಿ ಏಕೋ ತಡವಾಗಿ ಬರುತ್ತವೆ.

ಒಂದು ಬಗೆ ಹೋದರೆ ನೀರಿಗೆ ಆಗುವುದೇನು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಹೊಳೆಯ ತಳದ ಕಪ್ಪೆಚಿಪ್ಪನ್ನು ತೆಗೆದುಕೊಳ್ಳಿ. ಕೆಸರಿನಲ್ಲಿ ಅರ್ಧ ಹುದುಗಿ ಕುಳಿತಿರುವ ಅದು ನೀರನ್ನು ಒಳಗೆಳೆದು, ಅದರಲ್ಲಿನ ಸೂಕ್ಷ್ಮ ಪಾಚಿಯನ್ನೂ ಕೊಳೆಯ ಕಣಗಳನ್ನೂ ಸೋಸಿಕೊಂಡು, ತಿಳಿಯಾದ ನೀರನ್ನು ಹೊರಬಿಡುತ್ತದೆ. ಒಂದೊಂದು ಚಿಪ್ಪೂ ದಿನಕ್ಕೆ ಹಲವು ಲೀಟರ್ ನೀರನ್ನು ಹೀಗೆ ಸೋಸುತ್ತದೆ. ವಿದ್ಯುತ್ ಬೇಕಿಲ್ಲ, ಟೆಂಡರ್ ಬೇಕಿಲ್ಲ. ಆದರೆ ಈ ಚಿಪ್ಪಿಗೆ ಕಾಲಿಲ್ಲ, ಈಜು ಬಾರದು. ಆದ್ದರಿಂದ ಅಲ್ಲಾಹನು ಅದರ ಮರಿಗಳಿಗೆ ಒಂದು ವಾಹನವನ್ನು ನೇಮಿಸಿದ್ದಾನೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಮರಿಗಳು ಹಾದುಹೋಗುವ ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು, ಕೆಲವು ದಿನ ಅದರ ಮೈಮೇಲೆಯೇ ಬೆಳೆದು, ಬೇರೊಂದು ಕಡೆ ಉದುರಿ, ಅಲ್ಲಿ ಹೊಸ ಬಾಳು ಆರಂಭಿಸುತ್ತವೆ. ಯಾವ ಮೀನಾದರೂ ಆದೀತೆಂದಲ್ಲ. ಹೊಂದುವ ಮೀನೇ ಬೇಕು. ಆ ಮೀನು ಹೊಳೆಯಿಂದ ಹೋದರೆ ಚಿಪ್ಪು ಕೂಡಲೇ ಸಾಯುವುದಿಲ್ಲ. ಅದು ವರ್ಷಗಟ್ಟಲೆ ಬದುಕುತ್ತದೆ, ನೀರನ್ನು ಸೋಸುತ್ತಲೇ ಇರುತ್ತದೆ, ಆದರೆ ಅದಕ್ಕೆ ಸಂತಾನವಿಲ್ಲ. ನೋಡುವವರಿಗೆ ಚಿಪ್ಪುಗಳು ಇನ್ನೂ ಇವೆಯೆನಿಸುತ್ತದೆ. ಒಂದು ದಿನ ಮುದಿ ಚಿಪ್ಪುಗಳೆಲ್ಲ ಮುಗಿಯುತ್ತವೆ. ಆಗ ನೀರು ಏಕೆ ಹಸಿರುಗಟ್ಟುತ್ತಿದೆ ಎಂಬ ಚರ್ಚೆ ಶುರುವಾಗುತ್ತದೆ.

ಹಸಿರುಗಟ್ಟಿದ ನೀರಿನ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಮೀನುಗಳು ಹರಿವಿಲ್ಲದೆ ಕಡಿಮೆಯಾಗಿರುತ್ತವೆ. ಕಬ್ಬಿನ ಗದ್ದೆಗಳಿಗೆ ಹಾಕಿದ ಗೊಬ್ಬರ ಮಳೆಗೆ ತೊಳೆದು ಹೊಳೆಗೆ ಬರುತ್ತದೆ, ಪಾಚಿಗೆ ಅದೇ ಔತಣ. ಹಗಲಿನಲ್ಲಿ ಆಮ್ಲಜನಕವನ್ನು ಕೊಡುವ ಪಾಚಿ ರಾತ್ರಿ ಅದನ್ನೇ ಉಸಿರಾಡುತ್ತದೆ. ಸತ್ತ ಪಾಚಿ ಕೊಳೆಯುವಾಗ ಉಳಿದದ್ದನ್ನೂ ಹೀರುತ್ತದೆ. ಫಜ್ರ್ ನಮಾಝಿನ ಹೊತ್ತಿಗೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಇಂತಹ ನೀರಿಗೆ ಸಕ್ಕರೆ ಕಾರ್ಖಾನೆಯ ಅಥವಾ ಡಿಸ್ಟಿಲರಿಯ ಕೊಳಕು ನೀರೂ ಒಂದು ರಾತ್ರಿ ಸೇರಿದರೆ ಬೆಳಗಾಗುವುದರೊಳಗೆ ಕೆಲಸ ಮುಗಿಯುತ್ತದೆ. ಸತ್ತದ್ದನ್ನು ತಿಂದು ಹೊಳೆಯನ್ನು ಚೊಕ್ಕಟವಾಗಿಡುತ್ತಿದ್ದ ಮೃದುಚಿಪ್ಪಿನ ಆಮೆಗಳೂ ಇಂದು ಅಳಿವಿನ ಪಟ್ಟಿಯಲ್ಲಿವೆ. ಅವು ಮೊಟ್ಟೆಯಿಡಬೇಕಾದ ಮರಳಿನ ದಿಬ್ಬಗಳು ಲಾರಿಗಳಲ್ಲಿ ಹೋಗಿವೆ. ಭೀಮಾತೀರದವರಿಗೆ ಇದನ್ನು ಹೇಳಬೇಕಾಗಿಲ್ಲ. ಸೊಳ್ಳೆಯ ಮರಿಗಳನ್ನು ತಿನ್ನುವ ಸಣ್ಣ ಮೀನುಗಳು ಮತ್ತು ಮಕ್ಕಳು ಹೆಲಿಕಾಪ್ಟರ್ ಎಂದು ಕರೆಯುವ ಹುಳುವಿನ ಮರಿಗಳು ಕಡಿಮೆಯಾದಾಗ ಯಾವ ಕಾಯಿಲೆಗಳು ಹೆಚ್ಚುತ್ತವೆ ಎಂಬುದನ್ನು ಓದುಗರೇ ಊಹಿಸಬಹುದು. ನಮ್ಮ ಹಿರಿಯರು ಮನೆಯ ಬಾವಿಯಲ್ಲಿ ಮೀನು, ಆಮೆಗಳನ್ನು ಬಿಡುತ್ತಿದ್ದುದು ಚಂದಕ್ಕಾಗಿ ಆಗಿರಲಿಲ್ಲ.

ಜಗತ್ತಿನ ಲೆಕ್ಕವೂ ಇದಕ್ಕಿಂತ ಭಿನ್ನವಾಗಿಲ್ಲ. ಸಿಹಿನೀರಿನ ಮೀನು, ಏಡಿ, ಸಿಗಡಿ ಮುಂತಾದವುಗಳಲ್ಲಿ ಸುಮಾರು ಕಾಲುಭಾಗ ಅಳಿವಿನ ಅಪಾಯದಲ್ಲಿವೆಯೆಂದು 2025ರ ಆರಂಭದಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಕೃಷ್ಣೆ ಹುಟ್ಟುವ ಪಶ್ಚಿಮ ಘಟ್ಟದಲ್ಲಿ 1,146 ಬಗೆಯ ಸಿಹಿನೀರಿನ ಜೀವಿಗಳನ್ನೂ ಸಸ್ಯಗಳನ್ನೂ ಪರಿಶೀಲಿಸಿದ 2011ರ ವರದಿಯು ಅವುಗಳಲ್ಲಿ ಶೇ. 16ರಷ್ಟು ಅಪಾಯದಲ್ಲಿವೆ ಎಂದಿತ್ತು.

ಈಗ ಶನಿವಾರದವರ ಪ್ರಸಂಗಕ್ಕೆ ಬರೋಣ. ಸೂರಃ ಅಅ್‌ರಾಫ್‌ನಲ್ಲಿ (7:163) ಬರುವ ಆ ಕರಾವಳಿಯ ಊರಿನವರಿಗೆ ಶನಿವಾರ ಮೀನು ಹಿಡಿಯುವುದು ನಿಷಿದ್ಧವಾಗಿತ್ತು. ಪರೀಕ್ಷೆ ಏನೆಂದರೆ, ಅಂದೇ ಮೀನುಗಳು ಎದ್ದು ಕಾಣುವಂತೆ ಗುಂಪುಗುಂಪಾಗಿ ಬರುತ್ತಿದ್ದವು. ಅವರು ಉಪಾಯ ಹೂಡಿದರು. ಶನಿವಾರ ತಡೆದಿಟ್ಟು ಭಾನುವಾರ ಹಿಡಿದರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಈ ಪ್ರಸಂಗವನ್ನು ಯಹೂದಿಯರ ನಿಂದೆಗಾಗಿ ಮಾತ್ರ ಬಳಸುವ ಉಪನ್ಯಾಸಕರು ಜೂನ್ ತಿಂಗಳಲ್ಲಿ ಒಮ್ಮೆ ಹೊಳೆಯ ದಂಡೆಗೆ ಹೋಗಿ ನೋಡಬೇಕು. ಮೃಗಶಿರಾ ಮಳೆಗೆ ಹೊಸನೀರು ಬಂದೊಡನೆ ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನುಗಳು ಪ್ರವಾಹಕ್ಕೆ ಎದುರಾಗಿ, ತೆಳುನೀರಿನ ಹಳ್ಳಗಳಿಗೆ, ಬೆನ್ನು ಕಾಣುವಂತೆ ಏರಿಬರುತ್ತವೆ. ವರ್ಷದಲ್ಲಿ ಅವು ಇಷ್ಟು ಸುಲಭವಾಗಿ ಕೈಗೆ ಸಿಗುವ ಕಾಲ ಬೇರೊಂದಿಲ್ಲ. ಬಿಡಲೇಬೇಕಾದ ಕಾಲವೂ ಅದೇ. ಸೊಳ್ಳೆಪರದೆಯನ್ನು ಹಳ್ಳಕ್ಕೆ ಅಡ್ಡ ಕಟ್ಟಿದವನು ಒಂದು ಸಂಜೆಯ ಸಾರಿಗಾಗಿ ಸಾವಿರಾರು ಮೀನುಗಳನ್ನು ಹುಟ್ಟುವ ಮೊದಲೇ ಕೊಲ್ಲುತ್ತಾನೆ. ಸಿಡಿಮದ್ದು ಎಸೆಯುವವನ ಮತ್ತು ನೀರಿಗೆ ವಿಷ ಬೆರೆಸುವವನ ಬಗ್ಗೆ ಹೇಳುವುದೇ ಬೇಡ. 1897ರ ಮೀನುಗಾರಿಕೆ ಕಾಯಿದೆಯಲ್ಲಿಯೇ ಎರಡೂ ಅಪರಾಧಗಳು. ಬ್ರಿಟಿಷರ ಕಾನೂನಿಗೆ ತಿಳಿದದ್ದು ನಮ್ಮ ಮಿಂಬರ್‌ಗೆ ಇನ್ನೂ ತಿಳಿದಿಲ್ಲ.

ಎಲ್ಲವನ್ನೂ ನಮಗಾಗಿ ಅಧೀನಪಡಿಸಲಾಗಿದೆಯಲ್ಲವೇ ಎನ್ನುವವರಿಗೆ ಒಂದು ಇರುವೆಯ ಪ್ರಸಂಗವೇ ಸಾಕು. ತನ್ನನ್ನು ಕಚ್ಚಿದ ಒಂದು ಇರುವೆಗಾಗಿ ಇರುವೆಗಳ ಗೂಡನ್ನೇ ಸುಡಿಸಿದ ಪ್ರವಾದಿಯೊಬ್ಬರನ್ನು, ಅಲ್ಲಾಹನ ಸ್ತುತಿ ಮಾಡುವ ಒಂದು ಉಮ್ಮತ್ತನ್ನೇ ನಾಶಪಡಿಸಿದಿರಲ್ಲ ಎಂದು ಅಲ್ಲಾಹನು ಆಕ್ಷೇಪಿಸಿದ ಸಂಗತಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ.

ವಾದವನ್ನು ಕಾನೂನಿನ ನೆಲೆಗೇ ತರೋಣ. ಹನಫೀ ಮದ್ರಸಗಳಲ್ಲೆಲ್ಲ ಓದಿಸುವ ಹಿದಾಯಃ ಗ್ರಂಥದಲ್ಲಿ ನೀರಿನ ಹಕ್ಕುಗಳ ಅಧ್ಯಾಯವಿದೆ. ಜೈಹೂನ್, ಸೈಹೂನ್, ದಜ್ಲಃ, ಫುರಾತ್‌ಗಳಂತಹ ಮಹಾನದಿಗಳು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಕಾಲುವೆ ತೆಗೆಯಬಹುದು, ಹೊಲಕ್ಕೆ ಹರಿಸಿಕೊಳ್ಳಬಹುದು, ನೀರಗಿರಣಿ ಹೂಡಬಹುದು. ಒಂದೇ ಷರತ್ತು, ಅದರಿಂದ ಸಾರ್ವಜನಿಕರಿಗೆ ಹಾನಿಯಾಗಬಾರದು. ಹಾನಿಯಾಗುವುದಾದರೆ ಆ ಅನುಮತಿ ಇಲ್ಲ, ಏಕೆಂದರೆ ಸಾರ್ವಜನಿಕ ಹಾನಿಯನ್ನು ತಡೆಯುವುದು ವಾಜಿಬ್. ಫುರಾತ್ ಇರುವ ಜಾಗದಲ್ಲಿ ಕೃಷ್ಣೆಯ ಹೆಸರನ್ನಿಟ್ಟು ಓದಿದರೆ, ಕೊಳಕು ನೀರು ಬಿಡುವ ಕಾರ್ಖಾನೆಗೂ, ಹೊಳೆಯ ಒಡಲನ್ನೇ ಬಗೆಯುವ ಮರಳಿನ ಗುತ್ತಿಗೆದಾರನಿಗೂ, ಬ್ಯಾರೇಜಿನ ಗೇಟು ತೆಗೆಯುವ ಹಾಕುವ ಅಧಿಕಾರಿಗೂ ಅದು ಅನ್ವಯಿಸುತ್ತದೆ. ಇದನ್ನು ಪಾಠ ಹೇಳುವವರು ಇದ್ದಾರೆ, ಅನ್ವಯಿಸುವವರು ಇಲ್ಲ.

ಅನ್ವಯಿಸುವ ಸಂದರ್ಭ ಈಗಂತೂ ಬಾಗಿಲಿಗೇ ಬಂದಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಮೇಲೆ ನಡೆದಿರುವ ಚರ್ಚೆಯಲ್ಲಿ ಟಿಎಂಸಿಗಳ ಲೆಕ್ಕವಿದೆ, ಮುಳುಗುವ ಎಕರೆಗಳ ಲೆಕ್ಕವಿದೆ, ಪರಿಹಾರದ ಲೆಕ್ಕವಿದೆ. ಸಂತ್ರಸ್ತರ ನ್ಯಾಯಕ್ಕಾಗಿ ಆ ಲೆಕ್ಕಗಳೆಲ್ಲ ಬೇಕು. ಆದರೆ ನೀರು ಇನ್ನಷ್ಟು ಹಿಂದಕ್ಕೆ ನಿಂತಾಗ ಹರಿವಿನ ನೆಲೆ ಇನ್ನೆಷ್ಟು ಮುಳುಗುತ್ತದೆ, ಕೆಳಗಿನ ಹೊಳೆಗೆ ಮೊಟ್ಟೆಯಿಡುವ ಕಾಲದಲ್ಲಿ ನೀರು ಹೇಗೆ ಬಿಡುತ್ತಾರೆ, ಇದ್ದಕ್ಕಿದ್ದಂತೆ ಬಿಟ್ಟು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ದಂಡೆಯಲ್ಲಿ ಒಣಗುವ ಮೊಟ್ಟೆಗಳ ಗತಿಯೇನು, ಇವನ್ನು ಕೇಳುವ ಪಕ್ಷವೊಂದೂ ನಮ್ಮ ಕಿವಿಗೆ ಬಿದ್ದಿಲ್ಲ. ಪಕ್ಷಗಳು ಕೇಳದಿದ್ದರೆ ಆಶ್ಚರ್ಯವಿಲ್ಲ. ಮೀನಿಗೆ ಮತವಿಲ್ಲ. ಅದರ ಪ್ರಾರ್ಥನೆಯನ್ನು ನಿರೀಕ್ಷಿಸುವವರಾದರೂ ಕೇಳಬೇಕಿತ್ತು.

‘ಸಮುದಾಯದ ಮೇಲೆ ನೂರು ಸಂಕಟಗಳಿರುವಾಗ ನಿಮಗೆ ಮೀನಿನ ಚಿಂತೆಯೇ’ ಎಂದು ಕೆಲವರು ನಗಬಹುದು. ಹೊಳೆ ಕೆಟ್ಟಾಗ ಮೊದಲು ಕೆಡುವುದು ಯಾರ ಬದುಕು ಎಂದು ಅವರು ಯೋಚಿಸಲಿ. ಶುದ್ಧ ನೀರಿನ ಕ್ಯಾನು ಕೊಳ್ಳಲಾಗದವರದು, ಬಲೆಯನ್ನೇ ನಂಬಿದ ಅಂಬಿಗರದು, ತಲೆಯ ಮೇಲೆ ಬುಟ್ಟಿಯಿಟ್ಟು ಮೀನು ಮಾರುವ ಹೆಂಗಸರದು. ಅವರಲ್ಲಿ ಮುಸ್ಲಿಮರೆಷ್ಟು ಎಂದು ಎಣಿಸಿ ನೋಡಿ ದುಃಖಪಡುವ ದೀನ್ ನಮ್ಮದಲ್ಲ.

ಇತರ ನಾಡುಗಳ ಉಲಮಾ ಈ ದಾರಿಯಲ್ಲಿ ಮುಂದೆ ಹೋಗಿದ್ದಾರೆ. ಇಂಡೋನೇಷ್ಯಾದ ಉಲಮಾ ಮಂಡಳಿಯು ಅಳಿವಿನಂಚಿನ ಜೀವಿಗಳನ್ನು ಕೊಲ್ಲುವುದು, ಮಾರುವುದು ಹರಾಮ್ ಎಂದು 2014ರಲ್ಲಿ ಫತ್ವಾ ಹೊರಡಿಸಿತು. ಜಂಜಿಬಾರಿನ ಪೆಂಬಾ ದ್ವೀಪದ ಬಳಿಯ ಮಿಸಾಲಿಯಲ್ಲಿ, ಸರ್ಕಾರದ ನಿಷೇಧಕ್ಕೆ ಬಗ್ಗದೆ ಸಿಡಿಮದ್ದಿನಿಂದ ಮೀನು ಹಿಡಿಯುತ್ತಿದ್ದವರಲ್ಲಿ ಹಲವರು, ಕುರ್‌ಆನಿನ ಬೋಧನೆಗಳನ್ನು ತಿಳಿಸಿ ಹೇಳಿದ ಮೇಲೆ ಅದನ್ನು ಕೈಬಿಟ್ಟರು. ‘ಅಲ್‌ಮೀಝಾನ್’ ಎಂಬ ಹೆಸರಿನ ಪರಿಸರ ಒಡಂಬಡಿಕೆಯನ್ನು ಮುಸ್ಲಿಮ್ ವಿದ್ವಾಂಸರು 2024ರಲ್ಲಿ ನೈರೋಬಿಯಲ್ಲಿ ಲೋಕದ ಮುಂದಿಟ್ಟರು. ಅಲ್ಲಿ ಸಾಧ್ಯವಾದದ್ದು ನಿಡಗುಂದಿಯಲ್ಲಿ, ಇಂಡಿಯಲ್ಲಿ ಏಕೆ ಸಾಧ್ಯವಾಗದು?

ನಾವು ಕೇಳುವುದು ದೊಡ್ಡದೇನನ್ನೂ ಅಲ್ಲ. ಖುತ್ಬದ ಅರಬಿ ಭಾಗ ಎಂದಿನಂತೆಯೇ ಇರಲಿ. ಅದಕ್ಕೆ ಮುನ್ನಿನ ಬಯಾನ್‌ನಲ್ಲಿ, ಮೃಗಶಿರಾ ಮಳೆಗೆ ಮೊದಲಿನ ಎರಡು ಶುಕ್ರವಾರ, ಹೊಳೆದಂಡೆಯ ಮಸೀದಿಗಳಲ್ಲಿ ಈ ವಿಷಯ ಬರಲಿ. ಕನ್ನಡದಲ್ಲಿ ಬರಲಿ, ಏಕೆಂದರೆ ಈ ಮೀನುಗಳಿಗೆ ಇಲ್ಲಿ ಇರುವುದು ಕನ್ನಡದ ಹೆಸರುಗಳು. ವಿಷ ಹಾಕಿ, ಸಿಡಿಮದ್ದು ಹಾಕಿ ಹಿಡಿದ ಮೀನನ್ನು ಗೊತ್ತಿದ್ದೂ ಕೊಳ್ಳುವುದು ಪಾಪಕ್ಕೆ ನೆರವೆಂದು ದಾರುಲ್ ಇಫ್ತಾಗಳು ಬರೆದು ಕೊಡಲಿ. ಜಮಾಅತ್ ಸಮಿತಿಗಳು ಮಾಂಸದಂಗಡಿಯವರನ್ನು ಕೂರಿಸಿ, ತ್ಯಾಜ್ಯ ಹಳ್ಳಕ್ಕೂ ಬೀಳದಂತೆ, ಕ್ಯಾಟ್‌ಫಿಶ್ ಹೊಂಡಕ್ಕೂ ಹೋಗದಂತೆ ಏರ್ಪಾಡು ಮಾಡಲಿ. ಮಾಡದವರ ಚಂದಾ ಬೇಡವೆನ್ನಲಿ. ಆಲಮಟ್ಟಿಯ ಮಟ್ಟ ಏರಿಸುವ ವಿಚಾರದಲ್ಲಿ ಅಹವಾಲುಗಳನ್ನು ಆಲಿಸುವ ಸಭೆ ನಡೆದರೆ ಅಲ್ಲಿ ಒಬ್ಬ ಆಲಿಮ್ ಎದ್ದು ನಿಂತು ಹಿದಾಯಃದ ಆ ಷರತ್ತನ್ನು ಓದಿ ಹೇಳಲಿ.

ಮದ್ರಸಗಳಿಗೆ ಶಾಬಾನ್‌ನಲ್ಲಿ ರಜೆಯಾಗುತ್ತದೆ. ಆಲಮಟ್ಟಿಯ ಕೆಳಗೆ, ಮುದ್ದೇಬಿಹಾಳದ ಕಡೆಯ ದಂಡೆಗಳಲ್ಲಿ, ಮುಪ್ಪಿನ ಅಂಬಿಗರು ಇನ್ನೂ ಇದ್ದಾರೆ. ತಮ್ಮ ಯೌವನದಲ್ಲಿ ಬಲೆಗೆ ಬೀಳುತ್ತಿದ್ದು ಈಗ ಬೀಳದ ಮೀನುಗಳ ಹೆಸರು, ಅವು ಏರಿಬರುತ್ತಿದ್ದ ಮಳೆ, ನಿಲ್ಲುತ್ತಿದ್ದ ಮಡುವು ಎಲ್ಲವೂ ಅವರಿಗೆ ನೆನಪಿದೆ. ಬರುವ ರಜೆಯಲ್ಲಿ ನಾಲ್ಕು ವಿದ್ಯಾರ್ಥಿಗಳಾದರೂ ನೋಟ್‌ಬುಕ್ ಹಿಡಿದು ಅವರ ಬಳಿಗೆ ಹೋಗಲಿ. ಹದೀಸ್‌ನ ಸನದ್ ಬರೆದುಕೊಳ್ಳುವಷ್ಟೇ ಎಚ್ಚರದಿಂದ, ಯಾರು ಹೇಳಿದರು, ಯಾವ ವರ್ಷದವರೆಗೆ ಕಂಡಿದ್ದರು ಎಂಬುದರ ಸಮೇತ ಬರೆದುಕೊಂಡು ಬರಲಿ.